ಒಂದು ಹಾಳೆಯ ಆದೇಶಕ್ಕೆ ಇನ್ನೆಷ್ಟು ಅರ್ಜಿ ಬೇಕು, ಸಾಹೇಬರೆ?

ನಮ್ಮ ಜಿಲ್ಲೆಯ ಜಿಲ್ಲಾಧಿಕಾರಿಗಳಿಗೆ ಪಂಕ್ಚರ್ ಅಂಗಡಿಯವನೊಬ್ಬನ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡವನು. ಊರಿನ ಹೆಸರು, ನನ್ನ ಹೆಸರು ಇಲ್ಲಿ ಹಾಕಿಲ್ಲ. ಹಾಕಿದರೆ ನಾಳೆ ಗಿರಾಕಿಗಿಂತ ಮೊದಲು ಅಂಗಡಿ ಮುಂದೆ ಜೀಪು ಬಂದು ನಿಲ್ಲುತ್ತದೆ. ಹೋದ ಸಲ ನಿಂತಿತ್ತು, ಆ ಕಥೆ ಮುಂದೆ ಹೇಳುತ್ತೇನೆ. ಆದರೆ ನಾನು ಯಾರೆಂದು ತಿಳಿಯಲು ತಮಗೆ ಕಷ್ಟವಾಗಬಾರದು. ತಮ್ಮ ಕಚೇರಿಯ ಟಪಾಲು ವಿಭಾಗದಲ್ಲಿ ನನ್ನ ಮೂರು ಅರ್ಜಿಗಳಿವೆ. 2023ರ ಆಗಸ್ಟ್‌ನಲ್ಲಿ ಒಂದು, 2024ರ ಫೆಬ್ರುವರಿಯಲ್ಲಿ ಒಂದು, 2025ರ ಜನವರಿಯಲ್ಲಿ ಒಂದು. ಮೂರರಲ್ಲೂ ಹೆಸರು, ವಿಳಾಸ, ಫೋನ್ ನಂಬರು ಇದೆ. ಕೊನೆಯದರ ಜೊತೆ ಆಧಾರ್ ಪ್ರತಿಯೂ ಇದೆ. ಅದು ಯಾಕೆ ಬೇಕಿತ್ತೋ ಗೊತ್ತಿಲ್ಲ, ಕೇಳಿದರು, ಕೊಟ್ಟೆ.

ವಿಷಯ ಒಂದೇ. ನಮ್ಮೂರಿನ ಮಕ್ಕಳು ಪಂಕ್ಚರ್ ಸೊಲ್ಯೂಷನ್, ಅಂದರೆ ಟ್ಯೂಬಿಗೆ ಪ್ಯಾಚು ಹಿಡಿಸುವ ಅಂಟನ್ನು, ನಶೆಗೆ ಮೂಸುತ್ತಿದ್ದಾರೆ. ಹದಿನೆಂಟು ತುಂಬದವರಿಗೆ ಅದನ್ನು ಮಾರಬಾರದು ಎಂದು ತಾವೊಂದು ಆದೇಶ ಹೊರಡಿಸಬೇಕು. ಮೂರು ಅರ್ಜಿಯಲ್ಲಿ ಕೇಳಿದ್ದೂ ಇದನ್ನೇ, ಇವತ್ತು ಕೇಳುತ್ತಿರುವುದೂ ಇದನ್ನೇ. ರಸ್ತೆ ಕೇಳಿಲ್ಲ, ಸೈಟು ಕೇಳಿಲ್ಲ, ಪಿಂಚಣಿ ಕೇಳಿಲ್ಲ. ಒಂದು ಹಾಳೆ, ಅದರ ಕೆಳಗೆ ತಮ್ಮ ಸಹಿ.

ಕಾರಿನಲ್ಲಿ ಓಡಾಡುವವರಿಗೆ ಸೊಲ್ಯೂಷನ್ ಎಂದರೇನು ಎಂದು ಗೊತ್ತಿಲ್ಲದಿರಬಹುದು, ಅದಕ್ಕೆ ಹೇಳುತ್ತೇನೆ. ಟೈರಿನೊಳಗಿಂದ ಟ್ಯೂಬು ಎಳೆದು, ಹವಾ ತುಂಬಿ, ನೀರಿನ ತೊಟ್ಟಿಯಲ್ಲಿ ಅದ್ದುತ್ತೇವೆ. ಗುಳ್ಳೆ ಎದ್ದ ಕಡೆ ತೂತು. ಆ ಜಾಗ ಒರೆಸಿ, ಅರದಿಂದ ಉಜ್ಜಿ, ಬೆರಳಿನಿಂದ ಸೊಲ್ಯೂಷನ್ ಸವರುತ್ತೇವೆ. ಸವರಿದ ಕೂಡಲೇ ಪ್ಯಾಚು ಕೂರಿಸಿದರೆ ಹಿಡಿಯುವುದಿಲ್ಲ. ಎರಡು ಮೂರು ನಿಮಿಷ ಬಿಡಬೇಕು. ಹಸಿ ಹೊಳಪು ಹೋಗಿ, ಮುಟ್ಟಿದರೆ ಬೆರಳಿಗೆ ಸ್ವಲ್ಪ ಜಗ್ಗುವ ಹದಕ್ಕೆ ಬರಬೇಕು. ನನಗೆ ಕೆಲಸ ಕಲಿಸಿದ ಉಸ್ತಾದ ಹೇಳುತ್ತಿದ್ದ: "ಅವಸರ ಮಾಡಬ್ಯಾಡಲೇ, ಅದರ ಜೀವ ಹಾರಿ ಹೋಗಲಿ." ಹಾಗೆ ಹಾರಿ ಹೋಗುವ ಜೀವವೇ ಟೊಲ್ಯೂಯೀನ್‌ನಂಥ ದ್ರಾವಕ. ಕೆಳಗೆ ಉಳಿಯುವ ರಬ್ಬರು ನನಗೆ ಬೇಕು. ಮೇಲೆ ಹಾರುವುದು ಆ ಮಕ್ಕಳಿಗೆ ಬೇಕು. ಅರಿವೆ ತುಂಡಿಗೆ ಹಾಕಿಕೊಂಡು ಮುಷ್ಟಿಯಲ್ಲಿ ಮುಚ್ಚಿ ಮೂಗಿಗೆ ಹಿಡಿದರೆ ನಿಮಿಷದೊಳಗೆ ತಲೆಗೇರುತ್ತದೆ, ಅರ್ಧ ತಾಸಿನಲ್ಲಿ ಇಳಿಯುತ್ತದೆ, ಮತ್ತೆ ಬೇಕೆನ್ನಿಸುತ್ತದೆ. ಹಸಿವು ಗೊತ್ತಾಗುವುದಿಲ್ಲ, ಚಳಿ ಗೊತ್ತಾಗುವುದಿಲ್ಲ. ಪ್ಲಾಟ್‌ಫಾರಂ ಮೇಲೆ ಡಿಸೆಂಬರ್ ರಾತ್ರಿ ಕಳೆಯುವ ಹುಡುಗನಿಗೆ ಇದು ಊಟಕ್ಕಿಂತಲೂ ಕಂಬಳಿಗಿಂತಲೂ ಅಗ್ಗ.

ಮಳೆಗಾಲದಲ್ಲಿ ಅರ್ಧ ಶಟರ್ ಎಳೆದುಕೊಂಡು ಕೆಲಸ ಮಾಡುವಾಗ ನನಗೂ ತಲೆ ಗಿಮ್ಮೆನ್ನುತ್ತದೆ. ಇಪ್ಪತ್ತೇಳು ವರ್ಷ ಈ ವಾಸನೆ ಕುಡಿದಿದ್ದೇನೆ. ಹಾಗಾಗಿ ಇದರ ಬಗ್ಗೆ ಮಾತಾಡುವ ಹಕ್ಕು ತಮ್ಮ ಕಚೇರಿಯವರಿಗಿಂತ ನನಗೆ ಒಂದು ಗುಂಜಿ ಹೆಚ್ಚೇ ಇದೆ ಎಂದುಕೊಂಡಿದ್ದೇನೆ.

ನನ್ನ ಲೆಕ್ಕವೊಂದನ್ನು ಕೇಳಿ. ಹತ್ತು ವರ್ಷದ ಹಿಂದೆ ದಿನಕ್ಕೆ ಇಪ್ಪತ್ತು ಪಂಕ್ಚರ್ ಬಂದರೆ ಹದಿನೆಂಟು ಟ್ಯೂಬಿನವು. ಈಗ ಹೊಸ ಬೈಕು, ಸ್ಕೂಟರು, ಕಾರು ಹೆಚ್ಚಿನವು ಟ್ಯೂಬ್‌ಲೆಸ್. ಅದಕ್ಕೆ ಬತ್ತಿ ಚುಚ್ಚಿದರೆ ಮುಗಿಯಿತು, ಪ್ಯಾಚಿನ ಕೆಲಸವೇ ಇಲ್ಲ. ಮೊದಲು ವಾರಕ್ಕೊಂದು ಡಬ್ಬಿ ಸೊಲ್ಯೂಷನ್ ತರುತ್ತಿದ್ದವನು ಈಗ ತಿಂಗಳಿಗೊಂದು ತರುತ್ತೇನೆ. ನಮ್ಮ ರಸ್ತೆಯ ಇನ್ನಿಬ್ಬರು ಪಂಕ್ಚರಿನವರದೂ ಇದೇ ಲೆಕ್ಕ. ಹಾಗಿದ್ದ ಮೇಲೆ ಊರಲ್ಲಿ ಸೊಲ್ಯೂಷನ್ ಮಾರಾಟ ಇಳಿಯಬೇಕಿತ್ತಲ್ಲ? ಹೋಲ್‌ಸೇಲಿನವನನ್ನು ಕೇಳಿದೆ. ಸೊಲ್ಯೂಷನ್ ತುಂಬಿದ ಸಣ್ಣ ಟ್ಯೂಬಿನ ಪೆಟ್ಟಿಗೆ ಮೊದಲಿಗಿಂತ ಜೋರಾಗಿ ಹೋಗುತ್ತಿದೆಯಂತೆ. ಯಾರು ಒಯ್ಯುತ್ತಾರೆ ಎಂದೆ. ಪಾನ್ ಅಂಗಡಿಯವರು, ಸ್ಟೇಷನರಿಯವರು, ಒಬ್ಬ ತರಕಾರಿ ಗಾಡಿಯವನೂ ಇದ್ದಾನಂತೆ. ತರಕಾರಿ ಗಾಡಿಯವನು ದಿನಕ್ಕೆ ಎಷ್ಟು ಪಂಕ್ಚರ್ ಹಾಕುತ್ತಾನೆ ಸಾಹೇಬರೆ? ಹತ್ತು ರೂಪಾಯಿಯ ಟ್ಯೂಬು ಸಂಜೆಯ ಮೇಲೆ ಸ್ಟೇಷನ್ ಹಿಂದೆ ಇಪ್ಪತ್ತೈದಕ್ಕೆ ಹೋಗುತ್ತದೆ. ಚಿಂದಿ ಆಯುವ ಹುಡುಗ ಬೆಳಗಿಂದ ಸಂಜೆವರೆಗೆ ಬಾಟಲಿ ಆಯ್ದು ಗುಜರಿಗೆ ಹಾಕಿ ತಂದ ದುಡ್ಡು ಸಂಜೆ ಏಳರೊಳಗೆ ಹೀಗೆ ತೀರುತ್ತದೆ.

ಇದು ನಮ್ಮೂರಿನ ಹಾಡು ಮಾತ್ರವಲ್ಲ ಎಂದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆ ದೆಹಲಿಯ ಏಮ್ಸ್‌ನವರ ಕೈಯಲ್ಲಿ 2018ರಲ್ಲಿ ದೇಶದಾದ್ಯಂತ ಸಮೀಕ್ಷೆ ಮಾಡಿಸಿ 2019ರಲ್ಲಿ ವರದಿ ಹೊರಡಿಸಿತಲ್ಲ, ಅದು ತಮ್ಮ ಕಪಾಟಿನಲ್ಲಿ ಇದ್ದೇ ಇರುತ್ತದೆ. ನನ್ನ ಮಗಳು ಮೊಬೈಲಿನಲ್ಲಿ ಓದಿ ಹೇಳಿದಳು. ಹೆಂಡ, ಗಾಂಜಾ, ಅಫೀಮು, ಎಲ್ಲದರಲ್ಲೂ ದೊಡ್ಡವರೇ ಮುಂದೆ. ಮೂಸುವ ಪದಾರ್ಥ ಒಂದರಲ್ಲಿ ಮಾತ್ರ ಮಕ್ಕಳು ದೊಡ್ಡವರನ್ನು ಹಿಂದೆ ಹಾಕಿದ್ದಾರೆ. ಹತ್ತರಿಂದ ಹದಿನೇಳು ವಯಸ್ಸಿನವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಹೆಚ್ಚುಕಡಿಮೆ ಇಮ್ಮಡಿ. ಚಿಕಿತ್ಸೆಯ ನೆರವು ಬೇಕೇಬೇಕು ಎನ್ನುವ ಸ್ಥಿತಿಯಲ್ಲಿರುವ ಮಕ್ಕಳೇ 4.6 ಲಕ್ಷ. ಇನ್ನೊಂದು ಮಾತು. ಆ ಲೆಕ್ಕ ಬಂದದ್ದು ಸುಮಾರು 2 ಲಕ್ಷ ಮನೆಗಳ ಬಾಗಿಲು ತಟ್ಟಿ. ಬಾಗಿಲೇ ಇಲ್ಲದವನನ್ನು ಯಾರು ತಟ್ಟಿ ಎಬ್ಬಿಸಿ ಕೇಳಿದರು? ಫುಟ್‌ಬ್ರಿಜ್ ಕೆಳಗೆ ಮಲಗುವ ನಮ್ಮ ಹುಡುಗರು ಆ ಮನೆಗಳಲ್ಲಿ ಇರಲಿಲ್ಲ. ಅವರನ್ನೂ ಸೇರಿಸಿದರೆ ಅಂಕಿ ಎಲ್ಲಿಗೆ ಮುಟ್ಟುತ್ತದೋ, ಲೆಕ್ಕ ಮಾಡುವವರು ತಾವು.

ಈಗ ಆ ಹುಡುಗನ ವಿಷಯ. ಇದನ್ನು ಮೂರನೆಯ ಅರ್ಜಿಯಲ್ಲಿ ಅರ್ಧ ಪುಟದಲ್ಲಿ ಬರೆದಿದ್ದೆ, ಯಾರೂ ಓದಿದ ಹಾಗೆ ಕಾಣಲಿಲ್ಲ, ಅದಕ್ಕೆ ಇಲ್ಲಿ ಉದ್ದ ಬರೆಯುತ್ತೇನೆ.

ಅವನನ್ನು ರಸ್ತೆಯಲ್ಲಿ ಎಲ್ಲರೂ ಬಾಟ್ಲಿ ಎಂದು ಕರೆಯುತ್ತಿದ್ದರು. ಹನ್ನೆರಡು ಹದಿಮೂರು ವಯಸ್ಸು ಇದ್ದೀತು. ಮೊದಮೊದಲು ಮಧ್ಯಾಹ್ನದ ಹೊತ್ತು ಅಂಗಡಿಯ ಮಡಕೆ ನೀರು ಕುಡಿಯಲು ಬರುತ್ತಿದ್ದ. ಆಮೇಲೆ ಅಲ್ಲೇ ಕೂತು ನಾನು ಟ್ಯೂಬು ಅದ್ದುವಾಗ ಗುಳ್ಳೆ ಹುಡುಕುವ ಆಟಕ್ಕೆ ಬಿದ್ದ. ನನ್ನ ಕಣ್ಣಿಗಿಂತ ಅವನ ಕಣ್ಣು ಚುರುಕು. ಸಾಸಿವೆಯಷ್ಟು ಗುಳ್ಳೆ ಎದ್ದರೂ "ಕಾಕಾ, ಅಲ್ಲೈತಿ ನೋಡ್ರಿ" ಎಂದು ಬೆರಳು ಇಡುತ್ತಿದ್ದ. ಕೆಲಸಕ್ಕೆ ಇಟ್ಟುಕೊಳ್ಳಬಹುದಿತ್ತು ಎಂದು ಬರೆಯುವಷ್ಟರಲ್ಲಿ ನೆನಪಾಯಿತು, ಅದೂ ಅಪರಾಧ. ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂಬ ಬೋರ್ಡು ನನ್ನ ಅಂಗಡಿಯ ಗೋಡೆ ಮೇಲೆ ಕಾರ್ಮಿಕ ಇಲಾಖೆಯವರೇ ಅಂಟಿಸಿ ಹೋಗಿದ್ದಾರೆ. ಒಳ್ಳೆಯ ಬೋರ್ಡು. ಅದರ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಇದೆ.

ಒಂದು ದಿನ ಗುಳ್ಳೆ ತೋರಿಸುವ ಬೆರಳು ನಡುಗುತ್ತಿತ್ತು. ಮೂಗಿನ ಸುತ್ತ, ತುಟಿಯ ಮೇಲೆ ಕೆಂಪಗೆ ಕಜ್ಜಿ ಎದ್ದಿತ್ತು. ನಾನು ಜ್ವರದ ಹುಣ್ಣು ಎಂದುಕೊಂಡೆ. ವಾರದ ಮೇಲೆ ಬಂದು ಹಲ್ಲು ಕಿರಿದು, "ಕಾಕಾ, ಒಂದ್ ಸೊಲ್ಯೂಷನ್ ಕೊಡ್ರಿ, ರೊಕ್ಕ ತಂದೀನಿ" ಎಂದ. ಯಾಕಲೇ ಎಂದರೆ ಸೈಕಲ್ಲಿಗೆ ಅಂದ. ಅವನ ಹತ್ತಿರ ಸೈಕಲ್ಲು ಇರಲಿಲ್ಲ, ಕಾಲಿಗೆ ಚಪ್ಪಲಿಯೂ ಇರಲಿಲ್ಲ. ಕೊಡಲಿಲ್ಲ. ಬೈದು ಕಳಿಸಿದೆ. ಅವನು ಬೈಸಿಕೊಂಡು ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದ. ಅಲ್ಲಿ ಯಾರೂ ಬೈಯಲಿಲ್ಲ. ಆರು ಹೆಜ್ಜೆ ಸಾಹೇಬರೆ. ನನ್ನ ಬೈಗುಳಕ್ಕೂ ಅವನ ನಶೆಗೂ ನಡುವೆ ಇದ್ದದ್ದು ಆರು ಹೆಜ್ಜೆಯ ರಸ್ತೆ. ತಮ್ಮ ಆದೇಶ ಇರಬೇಕಾಗಿದ್ದದ್ದು ಆ ರಸ್ತೆಯ ಮೇಲೆ.

2024ರ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಶಟರ್ ಎತ್ತಲು ಹೋದರೆ ಕಟ್ಟೆಯ ಮೇಲೆ ಮಲಗಿದ್ದ. ಎಬ್ಬಿಸಿದರೆ ಕಣ್ಣು ಬಿಟ್ಟ, ಮಾತಾಡಿದ, ಆದರೆ ಏಳಲಿಲ್ಲ. "ಕಾಲ್ ಬರವಲ್ವು ಕಾಕಾ" ಎಂದ. ನಾಟಕ ಎಂದು ರಟ್ಟೆ ಹಿಡಿದು ಎತ್ತಿದೆ. ಒದ್ದೆ ಗೋಣಿಚೀಲದ ಹಾಗೆ ಜೋತುಬಿದ್ದ. ಕತ್ತನ್ನೂ ಎತ್ತಲಾಗುತ್ತಿರಲಿಲ್ಲ. ಆಟೋದಲ್ಲಿ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಒಯ್ದೆ. ರಾತ್ರಿ ಪಾಳಿ ಮುಗಿಸಿ ಹೊರಟಿದ್ದ ಒಬ್ಬ ಕಿರಿಯ ಡಾಕ್ಟರಮ್ಮ ನಿಂತು ನೋಡಿದರು, ಮೂಗಿನ ಸುತ್ತ ನೋಡಿದರು, ಅವನ ಬಾಯಿ ವಾಸನೆ ನೋಡಿದರು, ರಕ್ತ ತೆಗೆಸಿದರು. ದ್ರಾವಕ ಮೂಸಿ ಮೂಸಿ ಮೂತ್ರಪಿಂಡ ಕೆಟ್ಟು, ಮೈಯ ಪೊಟ್ಯಾಸಿಯಂ ಎಲ್ಲ ಮೂತ್ರದಲ್ಲಿ ಹೋಗಿ, ಸ್ನಾಯುಗಳು ಕೆಲಸ ನಿಲ್ಲಿಸಿವೆ ಎಂದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಉಸಿರಾಡುವ ಸ್ನಾಯು ಅಥವಾ ಎದೆಬಡಿತ ನಿಲ್ಲುತ್ತಿತ್ತಂತೆ. ಬಾಟಲಿ ಹಾಕಿದರು, ಮೂರನೆಯ ದಿನ ಎದ್ದು ನಡೆದ. ಆ ತಾಯಿಗೆ ನಾನು ಕೈಮುಗಿಯುತ್ತೇನೆ. ಈ ಪತ್ರದಲ್ಲಿ ನಾನು ಹೊಗಳುವ ಸರ್ಕಾರಿ ನೌಕರರು ಅವರೊಬ್ಬರೇ.

ಅವರೇ ನನ್ನನ್ನು ಕೂರಿಸಿ ಇನ್ನಷ್ಟು ಹೇಳಿದರು. ಇದು ಮೆದುಳಿನ ಒಳಗಿನ ಬಿಳಿ ಭಾಗವನ್ನೇ ತಿನ್ನುತ್ತದೆ. ವಯರಿನ ಮೇಲಿನ ಪ್ಲಾಸ್ಟಿಕ್ ಕರಗಿದ ಹಾಗೆ ಎಂದು ನನಗೆ ತಿಳಿಯುವಂತೆ ಹೇಳಿದರು. ನಡೆ ತೂರಾಡುತ್ತದೆ, ಕೈ ನಡುಗುತ್ತದೆ, ನೆನಪು ಹೋಗುತ್ತದೆ, ಕಿವಿ ಕಣ್ಣು ಮಂದವಾಗಬಹುದು. ಕೆಲವು ಅಂಟುಗಳಲ್ಲಿ ಹೆಕ್ಸೇನ್ ಎಂಬುದು ಇರುತ್ತದೆ, ಅದು ಕೈಕಾಲಿನ ನರಗಳನ್ನು ತುದಿಯಿಂದ ಒಣಗಿಸುತ್ತದೆ. ಚಪ್ಪಲಿ ಅಂಟಿಸುವ ಕಾರ್ಖಾನೆಯ ಕೆಲಸಗಾರರಲ್ಲಿ ಇದನ್ನು ಮೊದಲೇ ಕಂಡುಕೊಂಡಿದ್ದಾರಂತೆ. ಎಲ್ಲಕ್ಕಿಂತ ನನ್ನ ಎದೆ ನಡುಗಿಸಿದ ಮಾತು ಇನ್ನೊಂದು. ಈ ಆವಿ ಒಳಗಿರುವಾಗ ಹೃದಯ ಬಲು ಸೂಕ್ಷ್ಮವಾಗಿರುತ್ತದೆ. ಆಗ ಹುಡುಗ ಗಾಬರಿಬಿದ್ದರೆ, ಓಡಿದರೆ, ಬಡಿತ ತಪ್ಪಿ ನಿಂತಲ್ಲೇ ಸಾಯಬಹುದು. ವರ್ಷಗಟ್ಟಲೆ ಮೂಸಿದವನೇ ಆಗಬೇಕಿಲ್ಲ, ಮೊದಲ ದಿನವೇ ಆಗಬಹುದು. ಸ್ಟೇಷನ್ ಹಿಂದೆ ಲಾಠಿ ಬೀಸಿ ಆ ಹುಡುಗರನ್ನು ಅಟ್ಟುವುದನ್ನು ನಾನು ವಾರಕ್ಕೆರಡು ಸಲ ನೋಡುತ್ತೇನೆ. ಅಟ್ಟುವವರಿಗೆ ಇದನ್ನು ಯಾರೂ ಹೇಳಿದಂತಿಲ್ಲ. ದಯವಿಟ್ಟು ಹೇಳಿ. ಆದೇಶದ ಕೆಳಗೆ ಒಂದು ಸಾಲು ಸೇರಿಸಿ, ಕೈಯಲ್ಲಿ ಅರಿವೆ ಇರುವ ಮಗುವನ್ನು ಓಡಿಸಬಾರದು, ಹತ್ತಿರ ಹೋಗಿ ಕೂರಿಸಬೇಕು ಎಂದು.

ಮೂರನೆಯ ದಿನ ಹುಡುಗ ನಡೆದ ಎಂದೆನಲ್ಲ, ನಾಲ್ಕನೆಯ ದಿನ ಅವನನ್ನು ಎಲ್ಲಿಗೆ ಕಳಿಸಬೇಕು ಎಂಬ ಪ್ರಶ್ನೆ ಬಂತು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ, ಬರೆದುಕೊಂಡರು. ಮಕ್ಕಳನ್ನು ನೋಡಿಕೊಳ್ಳುವ ಕಚೇರಿಗೆ ಹೋದೆ, ಮಕ್ಕಳ ಕಲ್ಯಾಣ ಸಮಿತಿ ಕೂರುವ ದಿನ ಕರೆತನ್ನಿ ಎಂದರು. ವ್ಯಸನ ಬಿಡಿಸುವ ಕೇಂದ್ರಕ್ಕೆ ಫೋನ್ ಮಾಡಿದೆ, ಅಲ್ಲಿರುವುದು ಕುಡುಕ ಗಂಡಸರ ವಾರ್ಡು, ಚಿಕ್ಕವರನ್ನು ಸೇರಿಸಿಕೊಳ್ಳುವುದಿಲ್ಲ, ಬೆಂಗಳೂರಿನ ನಿಮ್ಹಾನ್ಸ್‌ಗೆ ಒಯ್ಯಿರಿ ಎಂದರು. ನಿಮ್ಹಾನ್ಸ್ ದೊಡ್ಡ ಆಸ್ಪತ್ರೆ, ಅಲ್ಲಿ ಇದಕ್ಕೇ ಬೇರೆ ವಿಭಾಗ ಇದೆ, ಸರಿ. ಒಯ್ಯುವವರು ಯಾರು? ಪಂಕ್ಚರ್ ಅಂಗಡಿ ಮುಚ್ಚಿ ನಾನೇ? ರಕ್ತಸಂಬಂಧ ಏನು ಎಂದು ಕೇಳಿದರೆ ಏನು ಬರೆಸಲಿ, "ಗುಳ್ಳೆ ಹುಡುಕಿ ಕೊಡುತ್ತಿದ್ದ" ಎಂದೇ? ಐದನೆಯ ದಿನ ಬೆಳಿಗ್ಗೆ ಬ್ರೆಡ್ಡು ಹಿಡಿದುಕೊಂಡು ಹೋದರೆ ಹಾಸಿಗೆ ಖಾಲಿ. ಕೈಗೆ ಚುಚ್ಚಿದ್ದ ಸೂಜಿ ತಾನೇ ಕಿತ್ತು ತಲೆದಿಂಬಿನ ಮೇಲೆ ಇಟ್ಟು ಹೋಗಿದ್ದ. ರೈಲು ಹತ್ತಿದನಂತೆ, ಯಾವ ಕಡೆಯದೆಂದು ಯಾರಿಗೂ ಗೊತ್ತಿಲ್ಲ.

ಅದೇ ವಾರ ನಾನು ಪೊಲೀಸ್ ಠಾಣೆಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಟ್ಟೆ. ಯಾವ ಅಂಗಡಿ, ಎಷ್ಟು ಹೊತ್ತಿಗೆ, ಯಾವ ಡಬ್ಬದಿಂದ ತೆಗೆದು ಮಕ್ಕಳಿಗೆ ಕೊಡುತ್ತಾರೆ, ಎಲ್ಲ ಬರೆದೆ. ಠಾಣೆಯ ಸಾಹೇಬರು ಓದಿ ನಕ್ಕರು. "ಇದು ಗಾಂಜಾ ಅಲ್ರೀ, ಅಂಟು. ಅಂಟಿಗೆ ಯಾವ ಕೇಸು ಹಾಕ್ಲಿ?" ಎಂದರು. ಆದರೂ ದೂರು ಇಟ್ಟುಕೊಂಡರು, ನಾನು ಖುಷಿಯಾಗಿ ಬಂದೆ. ಎರಡನೆಯ ದಿನ ಜೀಪು ಬಂತು. ಬಂದದ್ದು ಎದುರಿನ ಅಂಗಡಿಗಲ್ಲ, ನನ್ನ ಅಂಗಡಿಗೆ! ಸೊಲ್ಯೂಷನ್ ಎಲ್ಲಿ ಇಟ್ಟಿದ್ದೀಯ ಎಂದರು. ಪಂಕ್ಚರ್ ಅಂಗಡಿಯಲ್ಲಿ ಸೊಲ್ಯೂಷನ್ ಎಲ್ಲಿರುತ್ತದೆ, ಹಲಗೆಯ ಮೇಲೆ ಇತ್ತು. ಎರಡು ಡಬ್ಬಿ, ಒಂಬತ್ತು ಟ್ಯೂಬು, ಜೊತೆಗೆ ಅರ್ಧ ಬಳಸಿದ್ದ ಗ್ರೀಸ್ ಡಬ್ಬಿಯನ್ನೂ ಚೀಲಕ್ಕೆ ಹಾಕಿದರು. ಗ್ರೀಸ್ ಯಾರೂ ಮೂಸುವುದಿಲ್ಲ ಸ್ವಾಮಿ ಎಂದೆ. "ಭಾಳ ತಿಳಿದವನು" ಎಂದು ಜೀಪು ಹತ್ತಿಸಿದರು. ಹನ್ನೊಂದರಿಂದ ರಾತ್ರಿ ಎಂಟರವರೆಗೆ ಠಾಣೆಯ ಬೆಂಚಿನ ಮೇಲೆ ಕೂತಿದ್ದೆ. ಒಬ್ಬ ಗಿರಾಕಿಯ ಬೈಕು ಹಿಂದಿನ ಚಕ್ರ ಬಿಚ್ಚಿದ ಹಾಗೇ ಅಂಗಡಿ ಮುಂದೆ ನಿಂತಿತ್ತು, ಅವನು ಠಾಣೆಗೇ ಬಂದು ನನ್ನ ಹತ್ತಿರ ಜಗಳವಾಡಿದ. ಕೊನೆಗೆ ಫುಟ್‌ಪಾತ್ ಮೇಲೆ ನೀರಿನ ತೊಟ್ಟಿ ಇಟ್ಟಿದ್ದಕ್ಕೆ ದಂಡ ಹಾಕಿ ಕಳಿಸಿದರು. ಬಿಟ್ಟು ಬರುವಾಗ ಎದುರಿನ ಅಂಗಡಿಯ ಮುಂದೆ ಇಬ್ಬರು ಹುಡುಗರು ನಿಂತಿದ್ದರು, ಅವನು ಡಬ್ಬದೊಳಗೆ ಕೈ ಹಾಕುತ್ತಿದ್ದ.

ಕೋಪ ಬಂದಾಗ ಬರೆಯಬಾರದು ಎನ್ನುತ್ತಾರೆ. ಅದಕ್ಕೇ ಎರಡು ತಿಂಗಳು ಬಿಟ್ಟು ಮೂರನೆಯ ಅರ್ಜಿ ಬರೆದೆ. ಅದಕ್ಕೆ ಬಂದ ಹಿಂಬರಹಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ. ತಮ್ಮ ಕಚೇರಿಯಿಂದ "ಸೂಕ್ತ ಕ್ರಮಕ್ಕಾಗಿ" ಒಂದು ಇಲಾಖೆಗೆ, ಅಲ್ಲಿಂದ "ನಿಯಮಾನುಸಾರ ಕ್ರಮಕ್ಕಾಗಿ" ಇನ್ನೊಂದಕ್ಕೆ, ಅಲ್ಲಿಂದ "ಮುಂದಿನ ಕ್ರಮಕ್ಕಾಗಿ" ಮತ್ತೊಂದಕ್ಕೆ. ಕೊನೆಯ ಕಚೇರಿಯವರು ಮಾತ್ರ ನನಗೆ ನೇರವಾಗಿ ಪತ್ರ ಬರೆದರು. ಎಷ್ಟು ಆಸೆಯಿಂದ ಒಡೆದೆ ಗೊತ್ತೇ? ನಿಮ್ಮ ಅಂಗಡಿಗೆ ಉದ್ದಿಮೆ ಪರವಾನಗಿ ನವೀಕರಿಸಲಾಗಿದೆಯೇ, ಏಳು ದಿನದೊಳಗೆ ದಾಖಲೆ ಹಾಜರುಪಡಿಸಿ ಎಂದಿತ್ತು.

ಕಾನೂನು ಇಲ್ಲ ಎಂದು ತಾವು ಹೇಳಲಾರಿರಿ. ಹೇಳಿದರೆ ಅರ್ಧ ನಿಜ. 1985ರ ಮಾದಕ ವಸ್ತು ಕಾಯ್ದೆಯಲ್ಲಿ ಪಂಕ್ಚರ್ ಅಂಟು ಬರುವುದಿಲ್ಲ, ಒಪ್ಪಿದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮು ಮಕ್ಕಳಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ ಎನ್ನುತ್ತದೆ, ಅಲ್ಲಿಯೂ ಅಂಟಿನ ಹೆಸರಿಲ್ಲ. ಒಂದು ಬೀಡಿ ಕೊಟ್ಟರೆ ಏಳು ವರ್ಷ, ಮೆದುಳು ಕರಗಿಸುವ ಟ್ಯೂಬು ಕೊಟ್ಟರೆ ಚಿಲ್ಲರೆ ವಾಪಸು. ಸಿಗರೇಟಿನ ವಯಸ್ಸನ್ನು ನಮ್ಮದೇ ರಾಜ್ಯ ಹದಿನೆಂಟರಿಂದ 21ಕ್ಕೆ ಏರಿಸಿತು, ಸಂತೋಷ. ಶಾಲೆಯ ಹತ್ತಿರ ತಂಬಾಕು ಮಾರುವಂತಿಲ್ಲ, ಸಂತೋಷ. ಬರಹ ಅಳಿಸುವ ವೈಟ್ನರನ್ನು ಬಾಟಲಿಯಲ್ಲಿ ಮಾರಬಾರದು, ಪೆನ್ನಿನ ರೂಪದಲ್ಲೇ ಮಾರಬೇಕು ಎಂದು ಕೇಂದ್ರ 2012ರಲ್ಲೇ ಕಟ್ಟು ಮಾಡಿತು, ಯಾಕೆಂದರೆ ಮಕ್ಕಳು ಮೂಸುತ್ತಿದ್ದರು. ಬಾಟಲಿ ಹೋಯಿತು, ಟ್ಯೂಬು ಉಳಿಯಿತು. ಮೂಗಿಗೆ ಎರಡೂ ಒಂದೇ.

ಇನ್ನು ಉಳಿದ ಅರ್ಧ. ಜನರ ಜೀವಕ್ಕೆ, ಆರೋಗ್ಯಕ್ಕೆ ಅಪಾಯ ಕಂಡರೆ ಜಿಲ್ಲಾ ದಂಡಾಧಿಕಾರಿಯಾಗಿ ತಾವು ಆದೇಶ ಹೊರಡಿಸಬಹುದು. ಮೊದಲು 144 ಎನ್ನುತ್ತಿದ್ದದ್ದು ಈಗ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು. ಇದನ್ನು ತಮಗೆ ಹೇಳಿಕೊಡುವ ಧೈರ್ಯ ನನಗಿಲ್ಲ. ಮೆರವಣಿಗೆ ಬಂತೆಂದರೆ, ಪರೀಕ್ಷೆ ಬಂತೆಂದರೆ ತಾವು ಸಂಜೆಯೊಳಗೆ ಹೊರಡಿಸುತ್ತೀರಿ. ಪರೀಕ್ಷೆ ನಡೆಯುವಾಗ ಸುತ್ತಲಿನ ಜೆರಾಕ್ಸ್ ಅಂಗಡಿ ಮುಚ್ಚಿಸಲು ಆಗುತ್ತದೆ. ನಕಲು ಹೊಡೆಯುವ ಮಕ್ಕಳ ಮೇಲಿರುವ ಕಾಳಜಿ ನರ ಸಾಯುತ್ತಿರುವ ಮಕ್ಕಳ ಮೇಲೆ ಯಾಕಿಲ್ಲ? ಎರಡು ತಿಂಗಳಿಗಷ್ಟೇ ಅದರ ಆಯುಷ್ಯ ಎನ್ನುತ್ತಾರೆ. ಎರಡು ತಿಂಗಳು ಕೊಡಿ ಸಾಕು. ಅಷ್ಟರೊಳಗೆ ಸರ್ಕಾರಕ್ಕೆ ಬರೆದು ಕಾಯಂ ಮಾಡಿಸಿ. ಬರೆಯಲು ತಮಗೆ ಗುಮಾಸ್ತರಿದ್ದಾರೆ, ನನಗೆ ನನ್ನ ಮಗಳೊಬ್ಬಳು.

ನಮ್ಮ ಕಸುಬಿನವರೇ ಅಡ್ಡಿ ಬರುತ್ತಾರೆ ಎಂದು ಯಾರೋ ತಮಗೆ ಹೇಳಿರಬಹುದು. ಸುಳ್ಳು. ರಸ್ತೆಯ ಮೂವರು ಪಂಕ್ಚರಿನವರೂ ಅರ್ಜಿಗೆ ಸಹಿ ಹಾಕಿದ್ದೇವೆ. ನಮಗೆ ಬೇಕಾದದ್ದು ಡಬ್ಬಿ. ಜೇಬಿನಲ್ಲಿ ಹಿಡಿಯುವ ಸಣ್ಣ ಟ್ಯೂಬು ಸೈಕಲ್ ಅಂಗಡಿಗೆ ಬೇಕಾಗಬಹುದು, ಅವರಿಗೆ ಕೊಡಲಿ, ಪುಸ್ತಕದಲ್ಲಿ ಬರೆದುಕೊಂಡು ಕೊಡಲಿ. ಗೊಬ್ಬರದ ಅಂಗಡಿಯವನು ಒಂದು ಚೀಲ ಯೂರಿಯಾಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ, ಇದಕ್ಕೊಂದು ಸಹಿ ಹಾಕಲು ನಮಗೆ ಬೇಸರವಿಲ್ಲ. ತರಕಾರಿ ಗಾಡಿಯವನಿಗೆ ಬೇಸರ ಆಗಬಹುದು. ಅವನ ಬೇಸರ ನಾವು ತಾಳಿಕೊಳ್ಳುತ್ತೇವೆ.

ಹೋದ ಜೂನ್ 26ರ ಕಾರ್ಯಕ್ರಮಕ್ಕೆ ತಾವೂ ಬಂದಿದ್ದಿರಿ. ಮಾದಕ ವಸ್ತು ವಿರೋಧಿ ದಿನ. ಶಾಲೆ ಮಕ್ಕಳ ಜಾಥಾ ನನ್ನ ಅಂಗಡಿ ಮುಂದೆಯೇ ಹೋಯಿತು. ವೇದಿಕೆಯ ಕಮಾನಿಗೆ ಕಟ್ಟುವ ಬಲೂನಿಗೆ ಹವಾ ತುಂಬಿಕೊಟ್ಟದ್ದು ನನ್ನ ಕಂಪ್ರೆಸರ್, ದುಡ್ಡು ಇನ್ನೂ ಬಂದಿಲ್ಲ, ಬರದಿದ್ದರೂ ಚಿಂತೆಯಿಲ್ಲ. ತಾವು ಪ್ರತಿಜ್ಞೆ ಬೋಧಿಸಿದಿರಿ. ಎಲ್ಲರೂ ಕೈ ಮುಂದೆ ಚಾಚಿ ಹೇಳಿದರು, ನಾನೂ ಎಣ್ಣೆ ಕೈ ಚಾಚಿ ಹೇಳಿದೆ. ಆಮೇಲೆ ಎಲ್ಲರಿಗೂ ನೀರಿನ ಬಾಟಲಿ ಕೊಟ್ಟರು. ಕುಡಿದು ಮೈದಾನದಲ್ಲೇ ಎಸೆದು ಹೋದರು. ಸಭೆ ಚದುರಿದ ಮೇಲೆ ನಾನು ಬಲೂನು ಬಿಚ್ಚಿಕೊಡಲು ಹೋದೆ. ನಾಲ್ಕು ಹುಡುಗರು ಚೀಲ ಹಿಡಿದು ಆ ಬಾಟಲಿಗಳನ್ನು ಆಯುತ್ತಿದ್ದರು. ಅವರಲ್ಲಿ ಒಬ್ಬ, ಒಂಬತ್ತು ಹತ್ತು ವರ್ಷದವನು, ತಮ್ಮ ಚಿತ್ರ ಇದ್ದ ಬ್ಯಾನರಿನ ನೆರಳಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಎಡಗೈಯಲ್ಲಿ ಚೀಲ, ಬಲಗೈ ಮುಷ್ಟಿ ಮೂಗಿನ ಹತ್ತಿರ. ಬ್ಯಾನರಿನಲ್ಲಿ 14446 ಎಂದು ಸಹಾಯವಾಣಿಯ ನಂಬರು ಎಷ್ಟು ದಪ್ಪ ಅಕ್ಷರದಲ್ಲಿತ್ತು! ಅವನಿಗೆ ಓದಲು ಬರುತ್ತಿರಲಿಲ್ಲ, ಫೋನೂ ಇರಲಿಲ್ಲ. ನಾನು ಹತ್ತಿರ ಹೋದರೆ ಎದ್ದು ಓಡಲು ನೋಡಿದ. ಡಾಕ್ಟರಮ್ಮನ ಮಾತು ನೆನಪಾಗಿ ನಾನೇ ಹಿಂದೆ ಸರಿದು ನಿಂತೆ. ದೂರದಿಂದಲೇ, "ಕೂಡಪ್ಪಾ, ಕೂಡು, ಏನೂ ಮಾಡಂಗಿಲ್ಲ" ಎಂದೆ. ಕೂತ.

ನೀವು ಅಷ್ಟೊತ್ತಿಗೆ ಹೊರಟುಹೋಗಿದ್ದಿರಿ. ನಿಮ್ಮ ಕಾರು ಮೈದಾನದ ಗೇಟು ದಾಟಿ ಇನ್ನೂ ಐದು ನಿಮಿಷ ಆಗಿರಲಿಲ್ಲ. ಐದು ನಿಮಿಷ ನಿಂತಿದ್ದರೆ ನನ್ನ ಮೂರು ಅರ್ಜಿಯನ್ನೂ ಓದುವ ಕೆಲಸವೇ ತಪ್ಪುತ್ತಿತ್ತು.

ಏಕವಚನಕ್ಕೆ ಇಳಿದಿಲ್ಲ, ಗಮನಿಸಬೇಕು. ಮರ್ಯಾದೆ ಬಿಟ್ಟಿಲ್ಲ. ಆದರೆ ತಾಳ್ಮೆ ಇನ್ನು ಹೆಚ್ಚು ದಿನ ಉಳಿಯುವ ಹಾಗೆ ಕಾಣುವುದಿಲ್ಲ. ಮತ್ತೊಮ್ಮೆ ಕೇಳುತ್ತೇನೆ. ಹದಿನೆಂಟು ತುಂಬದವರಿಗೆ ಸೊಲ್ಯೂಷನ್, ತಿನ್ನರ್ ಮಾರಬಾರದು. ಪಂಕ್ಚರ್, ಸೈಕಲ್, ಪೇಂಟ್, ಹಾರ್ಡ್‌ವೇರ್ ಅಂಗಡಿ ಬಿಟ್ಟು ಬೇರೆಲ್ಲೂ ಇಡಬಾರದು. ಕೊಂಡವರ ಹೆಸರು ಪುಸ್ತಕದಲ್ಲಿ ಇರಬೇಕು. ಮಗುವನ್ನು ಓಡಿಸಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳಿಗೆಂದು ಎರಡು ಹಾಸಿಗೆ, ಹಗಲೂ ರಾತ್ರಿ ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯ. ಅಂದು ಒಬ್ಬ ಮನುಷ್ಯ ಅಲ್ಲಿ ಕೂತಿದ್ದರೆ ಬಾಟ್ಲಿ ರೈಲು ಹತ್ತುತ್ತಿರಲಿಲ್ಲ. ಕೊನೆಯದಕ್ಕೆ ದುಡ್ಡು ಬೇಕು ಎಂದು ಗೊತ್ತು, ಅದು ತಡವಾದರೂ ಆಗಲಿ. ಮೊದಲ ನಾಲ್ಕಕ್ಕೆ ಬೇಕಾದದ್ದು ಶಾಯಿ.

ಆದೇಶದ ಕರಡನ್ನು ಮಗಳು ಒಂದು ಪುಟದಲ್ಲಿ ಬರೆದು ಮೂರನೆಯ ಅರ್ಜಿಗೆ ಪಿನ್ ಮಾಡಿದ್ದಾಳೆ. ಕಡತದಲ್ಲಿ ಕೊನೆಯ ಹಾಳೆ ಅದೇ, ಮೇಲಿನ ಮೂಲೆಯಲ್ಲಿ ಗ್ರೀಸಿನ ಹೆಬ್ಬೆಟ್ಟು ಇದೆ, ಗುರುತು ಹಿಡಿಯಲು ಸುಲಭ. ಸಹಿಗೆ ಜಾಗ ಬಿಟ್ಟಿದ್ದೇವೆ.

ಅಂಗಡಿ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತೇನೆ, ರಾತ್ರಿ ಒಂಬತ್ತಕ್ಕೆ ಮುಚ್ಚುತ್ತೇನೆ. ಜೀಪು ಕಳಿಸುವುದಿದ್ದರೆ ಊಟದ ಹೊತ್ತು ಬಿಟ್ಟು ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಸ್ಟೇಷನ್ ರಸ್ತೆಯ ಪಂಕ್ಚರ್ ಅಂಗಡಿಯವನು